ಗ್ಯಾರೇಜ್ ಪತ್ರಗಳು: ಎಂಜಿನ್ನಿನ ಹೊಗೆಗೆ ಅದರದೇ ದಾರಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ ಬಗ್ಗೆ ಇವೆ: ಹಳೇ ಅಮೆರಿಕನ್ ಕಾರುಗಳ ಎಂಜಿನ್ ವೆಂಟಿಲೇಷನ್. ಪಿಸಿವಿ ವಾಲ್ವ್ (ಎಂಜಿನ್ ಹೊಟ್ಟೆಯೊಳಗಿನ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಎಳೆದು ಉರಿಸಲು ಬಿಡುವ ಪುಟ್ಟ ವಾಲ್ವ್), ಬ್ರೀದರ್ ಕ್ಯಾಪ್ (ಗಾಳಿಯಾಡುವ ಮುಚ್ಚಳ), ಅವುಗಳ ಹೋಸ್. ಬಣ್ಣ, ಸೀಟು, ಚಕ್ರದ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದರ ಬಗ್ಗೆ ಕೇಳುವವರು ಕಡಿಮೆ. ಅದಕ್ಕೇ ಈ ತಿಂಗಳ ಜಾಗವನ್ನೆಲ್ಲ ಇದಕ್ಕೆ ಕೊಟ್ಟಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು. ನಾನು ಹರಿಹರದಲ್ಲಿ ಲೇತ್ ಮೇಲೆ ಕೆಲಸ ಕಲಿತವನು. ಈಗ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಪಕ್ಕದ ಒಂದು ಮಷೀನ್ ಶಾಪ್‌ನಲ್ಲಿ ಹಳೇ ವಿ8 ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವುದು ನನ್ನ ಕಸುಬು.

ಪ್ರಶ್ನೆ: ಸರ್, ನಮಸ್ಕಾರ. ನನ್ನ ಹತ್ತಿರ 1967ರ ಶೆವ್ರೊಲೆ ಕಮಾರೊ ಎಸ್‌ಎಸ್ 350 ಇದೆ. ಎಂಜಿನ್ ಬ್ಲಾಕ್ ಮೇಲಿನ ಎರಕದ ನಂಬರ್ 3892657. ಕಾರಿನ ಚಾಸಿ ನಂಬರಿನಲ್ಲಿ ಫ್ಯಾಕ್ಟರಿ ಅಕ್ಷರ 'ಎಲ್' ಅಂತ ಇದೆ. ಹಿಂದಿನ ಮಾಲೀಕರು ಎಂಜಿನ್ ಓವರ್‌ಹಾಲ್ ಮಾಡಿಸಿದ್ದರು. ಈಗ ಒಂದು ವಾಲ್ವ್ ಕವರ್‌ನಲ್ಲಿ ಪಿಸಿವಿ ವಾಲ್ವ್ ಇದೆ, ಇನ್ನೊಂದರಲ್ಲಿ ಬ್ರೀದರ್ ಇದೆ. ಎಲ್ಲ ಹೊಚ್ಚ ಹೊಸದು. ಆದರೆ ಒಂದು ಷೋನಲ್ಲಿ ಜಡ್ಜ್ ಬಾನೆಟ್ ಕೆಳಗೆ ನೋಡಿದ ಕೂಡಲೇ 'ವೆಂಟಿಲೇಷನ್ ಈ ವರ್ಷದ್ದಲ್ಲ' ಎಂದು ಅಂಕ ಕಳೆದರು. ಯಾವ ಪಾರ್ಟ್ ತಪ್ಪು, ಯಾವುದನ್ನು ತರಿಸಲಿ?
(ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಜಡ್ಜ್ ಹೇಳಿದ್ದು ಸರಿ. ಒಂದು ಪಾರ್ಟ್ ಬದಲಿಸಿದರೆ ಮುಗಿಯುವ ವಿಷಯವೂ ಅಲ್ಲ. ನಿಮ್ಮ ಎಂಜಿನ್ನಿನಲ್ಲಿ ಗಾಳಿ ಹೋಗುವ ದಾರಿಯೇ ಬೇರೆ ಆಗಿಬಿಟ್ಟಿದೆ.

ಮೊದಲು ಈ ದಾರಿ ಯಾಕೆ ಬೇಕು ಅಂತ ನೋಡೋಣ. ಪಿಸ್ಟನ್ ರಿಂಗ್ ಎಷ್ಟೇ ಹೊಸದಿದ್ದರೂ ಉರಿದ ಗ್ಯಾಸು ಸ್ವಲ್ಪ ಕೆಳಗೆ ನುಸುಳಿ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಕೆಳಗಿನ ಆಯಿಲ್ ಇರುವ ಭಾಗ, ಸೇರುತ್ತದೆ. ಅದರ ಜೊತೆ ನೀರಿನ ಆವಿ, ಉರಿಯದ ಪೆಟ್ರೋಲ್ ಕೂಡ ಹೋಗುತ್ತವೆ. ಇದನ್ನು ಹೊರಗೆ ಕಳಿಸದಿದ್ದರೆ ಆಯಿಲ್ ಕೆಸರಿನಂತೆ ಗಟ್ಟಿಯಾಗುತ್ತದೆ, ಒತ್ತಡ ಏರಿ ಸೀಲ್‌ಗಳಿಂದ ಸೋರುತ್ತದೆ. ಹಾಗಾಗಿ ಒಂದು ಕಡೆಯಿಂದ ಒಳ್ಳೆ ಗಾಳಿ ಒಳಗೆ ಬರಬೇಕು, ಇನ್ನೊಂದು ಕಡೆಯಿಂದ ಕೆಟ್ಟ ಗಾಳಿ ಹೊರಗೆ ಹೋಗಬೇಕು.

ಶೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಬಂದಿದ್ದು 1955ರಲ್ಲಿ. ಆಗ ಪಿಸಿವಿ ಇರಲಿಲ್ಲ. ಬ್ಲಾಕ್‌ನ ಹಿಂಭಾಗದಲ್ಲಿ, ಡಿಸ್ಟ್ರಿಬ್ಯೂಟರ್ ಹಿಂದೆ, ಒಂದು ತೂತು ಇತ್ತು. ಅಲ್ಲಿಂದ ಒಂದು ಕೊಳವೆ ಕಾರಿನ ಹೊಟ್ಟೆಯ ಕೆಳಗೆ ಇಳಿಯುತ್ತಿತ್ತು. ಕಾರು ಓಡುವಾಗ ಕೆಳಗಿನ ಗಾಳಿಯ ರಭಸಕ್ಕೆ ಹೊಗೆ ಎಳೆದುಕೊಂಡು ಹೋಗುತ್ತಿತ್ತು. ನೇರವಾಗಿ ರಸ್ತೆಗೆ. ಮುಂದೆ ಪಿಸಿವಿ ಬಂದಾಗ ಶೆವ್ರೊಲೆಯವರು ಹೊಸ ತೂತು ಕೊರೆಯಲಿಲ್ಲ. ಅದೇ ಹಿಂದಿನ ತೂತಿನಿಂದ ಹೋಸ್ ಎಳೆದು, ನಡುವೆ ಪಿಸಿವಿ ವಾಲ್ವ್ ಇಟ್ಟು, ಕಾರ್ಬೊರೇಟರ್ ಬುಡದ ವ್ಯಾಕ್ಯೂಮ್‌ಗೆ (ಎಂಜಿನ್ ಗಾಳಿ ಎಳೆಯುವ ಸೆಳೆತಕ್ಕೆ) ಜೋಡಿಸಿದರು. ಒಳ್ಳೆ ಗಾಳಿ ಬರುತ್ತಿದ್ದುದು ಇನ್‌ಟೇಕ್ ಮ್ಯಾನಿಫೋಲ್ಡ್‌ನ (ಕಾರ್ಬೊರೇಟರ್ ಕೂರುವ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗದ) ಮುಂದೆ ನಿಂತಿರುವ ಆಯಿಲ್ ಹಾಕುವ ಕೊಳವೆಯಿಂದ. ಅಂದರೆ ಗಾಳಿ ಎಂಜಿನ್ನಿನ ಮುಂದಿನಿಂದ ಹಿಂದಕ್ಕೆ ಹೋಗುತ್ತಿತ್ತು. ವಾಲ್ವ್ ಕವರ್‌ಗಳಿಗೆ ಈ ಕೆಲಸದಲ್ಲಿ ಪಾತ್ರವೇ ಇರಲಿಲ್ಲ. ಅವುಗಳಲ್ಲಿ ತೂತೇ ಇರುತ್ತಿರಲಿಲ್ಲ.

1967 ಈ ವ್ಯವಸ್ಥೆಯ ಕೊನೆಯ ವರ್ಷ. 1968ರಲ್ಲಿ ವೆಂಟಿಲೇಷನ್ ವಾಲ್ವ್ ಕವರ್‌ಗೆ ಬಂತು, 1969ರಲ್ಲಿ ಆಯಿಲ್ ಹಾಕುವ ಬಾಯಿಯೂ ಅಲ್ಲಿಗೇ ಬಂತು. ನಿಮ್ಮ ಕಾರಿನ ಮೇಲಿರುವುದು ಎರಡು ವರ್ಷ ತಡವಾಗಿ ಬಂದ ಏರ್ಪಾಡು. ಜಡ್ಜ್‌ಗೆ ಬಾನೆಟ್ ಎತ್ತಿದ ಕೂಡಲೇ ಮುಂದಿನ ಕೊಳವೆ ಇಲ್ಲದ್ದು ಕಾಣುತ್ತದೆ. ತೂತಿನ ಕವರ್‌ಗಳೂ ಕಾಣುತ್ತವೆ. ಮಿಕ್ಕಿದ್ದನ್ನು ಅವರು ನೋಡಬೇಕಾಗಿಯೂ ಇಲ್ಲ.

ಈಗ ನಿಮ್ಮ ಅದೃಷ್ಟದ ಮಾತು. 3892657 ಅಂದರೆ 1967ರ ಕಮಾರೊಗೆ ಸೇರಿದ ಬ್ಲಾಕೇ. ಹಾಗಾಗಿ ಹಿಂದಿನ ತೂತು ಅಲ್ಲೇ ಇರಬೇಕು. ಓವರ್‌ಹಾಲ್ ಮಾಡಿದವರು ಪ್ಲಗ್ ಹೊಡೆದು ಮುಚ್ಚಿರುತ್ತಾರೆ. ಕನ್ನಡಿ, ಟಾರ್ಚ್ ಹಿಡಿದು ಡಿಸ್ಟ್ರಿಬ್ಯೂಟರ್ ಹಿಂದೆ ನೋಡಿ. ಪ್ಲಗ್ ಕಂಡರೆ ಖುಷಿಪಡಿ, ಆದರೆ ಆತುರದಲ್ಲಿ ಅದನ್ನು ಕಿತ್ತು ಹೋಸ್ ಸಿಕ್ಕಿಸಬೇಡಿ. ದಯವಿಟ್ಟು. ಇನ್‌ಟೇಕ್ ಮ್ಯಾನಿಫೋಲ್ಡ್ ಎತ್ತಿದರೆ ಆ ತೂತಿನ ಮೇಲೆ, ಎರಡು ಸಾಲು ಸಿಲಿಂಡರ್‌ಗಳ ನಡುವಿನ ಲಿಫ್ಟರ್‌ಗಳ ಕಣಿವೆಯೊಳಗೆ, ಒಂದು ತಗಡಿನ ಡಬ್ಬಿ ಬೋಲ್ಟ್ ಹಾಕಿ ಕೂರಿಸಿರಬೇಕು. ಹೊಗೆಯ ಜೊತೆ ಹಾರುವ ಆಯಿಲ್ ಹನಿಗಳನ್ನು ತಡೆದು ಕೆಳಗೆ ಬಿಡುವುದು ಅದರ ಕೆಲಸ. ಎಂಜಿನ್ನನ್ನು ಬಿಸಿ ಟ್ಯಾಂಕಿಗೆ ಹಾಕಿ ತೊಳೆಯುವಾಗ ಇದನ್ನು ಬಿಚ್ಚುತ್ತಾರೆ. ಒಳಗೆ ಕೆಸರು ತುಂಬಿರುತ್ತದೆ, ಕ್ಲೀನ್ ಮಾಡುವುದು ಕಷ್ಟ, ಹಾಗಾಗಿ ಎಸೆದುಬಿಡುತ್ತಾರೆ. ನಮ್ಮ ಶಾಪ್‌ಗೆ ಬರುವ ಆ ಕಾಲದ ಸ್ಮಾಲ್ ಬ್ಲಾಕ್‌ಗಳಲ್ಲಿ ಈ ಡಬ್ಬಿ ಕಾಣೆಯಾಗಿರುವುದು ತುಂಬಾ ಸಾಮಾನ್ಯ. ಅದು ಇಲ್ಲದೆ ಹಿಂದಿನ ತೂತಿಗೆ ವ್ಯಾಕ್ಯೂಮ್ ಕೊಟ್ಟರೆ ಎಂಜಿನ್ ತನ್ನ ಆಯಿಲನ್ನೇ ಕುಡಿಯುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ಪಾಪ, ಎಷ್ಟೋ ಮಾಲೀಕರು ರಿಂಗ್ ಹೋಯಿತು ಅಂದುಕೊಂಡು ಒಳ್ಳೆ ಎಂಜಿನ್ನನ್ನು ಮತ್ತೆ ಬಿಚ್ಚಿಸುತ್ತಾರೆ.

ಹಾಗಾಗಿ ಕೆಲಸ ಶುರುವಾಗುವುದು ಇನ್‌ಟೇಕ್‌ನಿಂದ. ನೀವು ಕಳಿಸಿದ ಫೋಟೊದಲ್ಲಿ ಇರುವ ಮ್ಯಾನಿಫೋಲ್ಡ್‌ಗೆ ಮುಂದೆ ಕೊಳವೆಯ ತೂತೇ ಇಲ್ಲ, ಅಂದರೆ ಅದು ಆಮೇಲಿನದು. ಮುಂದೆ ಕೊಳವೆ ಇರುವ, ಕ್ವಾಡ್ರಾಜೆಟ್ ಕಾರ್ಬೊರೇಟರ್ ಕೂರುವ 1967ರ ಮ್ಯಾನಿಫೋಲ್ಡ್ ಹುಡುಕಿ. ಎರಕದ ತಾರೀಖು ಅದರ ಮೇಲೇ ಇರುತ್ತದೆ: ಮೊದಲು ತಿಂಗಳಿಗೆ ಒಂದು ಅಕ್ಷರ, ಜನವರಿಗೆ 'ಎ', ಫೆಬ್ರವರಿಗೆ 'ಬಿ', ಹೀಗೆ. ಆಮೇಲೆ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. 'ಬಿ 14 7' ಅಂದರೆ 1967ರ ಫೆಬ್ರವರಿ 14. ಈ ತಾರೀಖು ನಿಮ್ಮ ಕಾರು ತಯಾರಾದ ದಿನಕ್ಕಿಂತ ಮುಂಚಿನದಾಗಿರಬೇಕು. ಕಾರು ತಯಾರಾದದ್ದು ಯಾವಾಗ ಅಂತ ಬಾನೆಟ್ ಕೆಳಗಿನ ಕೌಲ್ ಪ್ಲೇಟ್ ಹೇಳುತ್ತದೆ. ಅದರಲ್ಲಿ '03ಸಿ' ಇದ್ದರೆ ಮಾರ್ಚ್ ತಿಂಗಳ ಮೂರನೇ ವಾರ. ಮ್ಯಾನಿಫೋಲ್ಡ್ ಸಿಕ್ಕ ಮೇಲೆ ಡಬ್ಬಿ, ಆಮೇಲೆ ಹಿಂದಿನ ತೂತಿನ ಕೊಳವೆ ಮತ್ತು ಹೋಸ್, ತೂತಿಲ್ಲದ ವಾಲ್ವ್ ಕವರ್‌ಗಳು, ಕೊನೆಗೆ ಕ್ಯಾಪ್. ಈ ಕ್ರಮದಲ್ಲೇ ತರಿಸಿ. ಕ್ಯಾಪ್ ಮೊದಲು ತರಿಸುವವರು ಬಹಳ, ಯಾಕಂದರೆ ಅದು ಸುಲಭವಾಗಿ ಸಿಗುತ್ತದೆ, ಹೊಳೆಯುತ್ತದೆ. ಆದರೆ ಯಾವ ಕ್ಯಾಪ್ ಬೇಕು ಅನ್ನುವುದು ಕಾರು ಎಲ್ಲಿ ಮಾರಾಟವಾಯಿತು ಅನ್ನುವುದರ ಮೇಲೆ ನಿಂತಿದೆ.

'ಎಲ್' ಅಂದರೆ ನಿಮ್ಮ ಕಾರು ಲಾಸ್ ಏಂಜಲಿಸ್‌ನ ವ್ಯಾನ್ ನೈಸ್ ಫ್ಯಾಕ್ಟರಿಯಲ್ಲಿ ತಯಾರಾದದ್ದು. 'ಎನ್' ಇದ್ದಿದ್ದರೆ ಒಹಾಯೊದ ನಾರ್ವುಡ್. ಆದರೆ ವ್ಯಾನ್ ನೈಸ್‌ನಲ್ಲಿ ಹುಟ್ಟಿದ್ದೆಲ್ಲ ಕ್ಯಾಲಿಫೋರ್ನಿಯಾದಲ್ಲೇ ಮಾರಾಟವಾಗಲಿಲ್ಲ. ಪಕ್ಕದ ರಾಜ್ಯಗಳಿಗೂ ಹೋಗುತ್ತಿತ್ತು. ಕ್ಯಾಲಿಫೋರ್ನಿಯಾದ ಕಾರಾದರೆ ಮುಚ್ಚಿದ ವ್ಯವಸ್ಥೆ ಇರಬೇಕು. ಶೆವ್ರೊಲೆಯ ಆಪ್ಷನ್ ಪಟ್ಟಿಯಲ್ಲಿ ಅದರ ಗುರುತು ಕೆ24. ಅದರಲ್ಲಿ ಆಯಿಲ್ ಕೊಳವೆಯ ಕ್ಯಾಪ್‌ಗೆ ಗಾಳಿ ತೂತು ಇರುವುದಿಲ್ಲ. ಬದಲಿಗೆ ಕೊಳವೆಯಿಂದ ಒಂದು ಹೋಸ್ ಏರ್ ಕ್ಲೀನರ್‌ಗೆ ಹೋಗುತ್ತದೆ. ಬೇರೆ ರಾಜ್ಯದ ಕಾರಾದರೆ ಗಾಳಿಯಾಡುವ ಕ್ಯಾಪ್, ಹೋಸ್ ಇಲ್ಲ. ಜೊತೆಗೆ 1966ರ ಮಾಡೆಲ್‌ನಿಂದಲೇ ಕ್ಯಾಲಿಫೋರ್ನಿಯಾದಲ್ಲಿ ಸೈಲೆನ್ಸರ್ ಹೊಗೆಗೂ ನಿಯಮ ಬಂದಿತ್ತು. ಅದಕ್ಕೆ ಶೆವ್ರೊಲೆ ಕೊಟ್ಟಿದ್ದು ಕೆ19 ಅನ್ನುವ ಗಾಳಿ ಪಂಪು. ಬೆಲ್ಟ್‌ನಿಂದ ತಿರುಗುವ ಆ ಪಂಪನ್ನು ಕಿತ್ತು ಮೂಲೆಗೆ ಹಾಕದ ಮಾಲೀಕರು ಅಪರೂಪ. ಎಂಜಿನ್ನಿನ ಮುಂದೆ, ಬಲಗಡೆ ಸಿಲಿಂಡರ್ ಹೆಡ್‌ನ ತುದಿಯ ಪಕ್ಕ, ಬ್ಲಾಕ್ ಮೇಲೆ ಒಂದು ಚಪ್ಪಟೆ ಜಾಗದಲ್ಲಿ ಅಕ್ಷರಗಳನ್ನು ಕುಟ್ಟಿರುತ್ತಾರೆ. ಕೊನೆಯ ಎರಡು ಅಕ್ಷರ ಗಾಳಿ ಪಂಪು ಇದ್ದ ಎಂಜಿನ್‌ಗೆ ಬೇರೆ, ಇಲ್ಲದ್ದಕ್ಕೆ ಬೇರೆ. ಅದನ್ನು ಓದಿ ನನಗೆ ಬರೆಯಿರಿ. ಕಾರು ಎಲ್ಲಿಯದು ಅನ್ನುವುದು ಅಲ್ಲಿಂದಲೇ ಬಹುಪಾಲು ಗೊತ್ತಾಗುತ್ತದೆ. ಆಮೇಲೆ ಕ್ಯಾಪ್ ತರಿಸೋಣ.

ಸುಮ್ನೆ ಭಾನುವಾರ ಓಡಿಸುವುದಕ್ಕೆ ಈಗಿನ ಏರ್ಪಾಡಿನಿಂದ ಎಂಜಿನ್‌ಗೆ ಏನೂ ತೊಂದರೆ ಇಲ್ಲ. ಆದರೆ ಅಸಲಿ ಬ್ಲಾಕ್ ಉಳಿದಿರುವ ಕಾರು ಇದು. ಇದಕ್ಕೆ ಅದರದೇ ದಾರಿ ವಾಪಸ್ ಕೊಡಿ ಅನ್ನುವುದು ನನ್ನ ಆಸೆ.

ಪ್ರಶ್ನೆ: ಸರ್, ನಾನು ಪಾಲಿಟೆಕ್ನಿಕ್ ವಿದ್ಯಾರ್ಥಿನಿ. ಪಿಸಿವಿ ಬಂದಿದ್ದು ಎಂಜಿನ್ ಒಳ್ಳೆಯದಿರಲಿ ಅಂತಲೋ, ಗಾಳಿ ಒಳ್ಳೆಯದಿರಲಿ ಅಂತಲೋ?
(ಮಂಡ್ಯ)

ಉತ್ತರ: ಒಳ್ಳೆ ಪ್ರಶ್ನೆ ತಂಗಿ. ಎರಡೂ ಹೌದು, ಆದರೆ ಕಾನೂನು ಬಂದಿದ್ದು ಗಾಳಿಗಾಗಿ. ಲಾಸ್ ಏಂಜಲಿಸ್‌ನಲ್ಲಿ 1940ರ ದಶಕದಿಂದ ಕಣ್ಣುರಿಸುವ ಮಂಜು ಮುಸುಕುತ್ತಿತ್ತು. ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿದ್ದ ಆರೀ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ 1950ರ ದಶಕದ ಶುರುವಿನಲ್ಲಿ ಅದರ ಮೂಲ ತೋರಿಸಿದರು. ಕಾರು ಮತ್ತು ಎಣ್ಣೆ ಕಾರ್ಖಾನೆಗಳಿಂದ ಬರುವ ಹೈಡ್ರೊಕಾರ್ಬನ್, ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿಗೆ ಬಿದ್ದು ಓಝೋನ್ ಆಗುತ್ತಿದ್ದವು. ಕಾರಿನ ಹೈಡ್ರೊಕಾರ್ಬನ್‌ನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಬರುತ್ತಿದ್ದುದು ಸೈಲೆನ್ಸರ್‌ನಿಂದ ಅಲ್ಲ, ಕ್ರ್ಯಾಂಕ್‌ಕೇಸ್‌ನ ಆ ಕೆಳಗಿನ ಕೊಳವೆಯಿಂದ. ಅದನ್ನು ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ, ಅಗ್ಗ. ಅದಕ್ಕೇ ಮೊದಲ ಕಣ್ಣು ಅದರ ಮೇಲೆ ಬಿತ್ತು.

1961ರ ಮಾಡೆಲ್‌ನಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಅಮೆರಿಕನ್ ಕಾರುಗಳಿಗೆ ಪಿಸಿವಿ ಬಂತು. ಆ ವರ್ಷದ ಕಾರ್ವೆಟ್‌ನ ಆಪ್ಷನ್ ಪಟ್ಟಿಯಲ್ಲಿ ಅದು 242ನೇ ನಂಬರ್, ಬೆಲೆ 5 ಡಾಲರ್ 40 ಸೆಂಟ್. 1963ರ ಮಾಡೆಲ್‌ಗೆ ಕಂಪನಿಗಳು ಇಡೀ ದೇಶಕ್ಕೆ ಹಾಕಿದವು. ಆದರೆ ಅದು ತೆರೆದ ವ್ಯವಸ್ಥೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಸತ್ತುಹೋಗುತ್ತದೆ, ಹೊಗೆ ಮಾತ್ರ ಜಾಸ್ತಿ ಬರುತ್ತದೆ. ಆಗ ವಾಲ್ವ್ ಎಳೆದುಕೊಳ್ಳಲಾಗದ್ದು ಬ್ರೀದರ್ ಕ್ಯಾಪ್‌ನಿಂದ ಹೊರಗೆ ಬರುತ್ತಿತ್ತು. ಮುಚ್ಚಿದ ವ್ಯವಸ್ಥೆಯಲ್ಲಿ ಆ ಹೊಗೆ ಹೋಸ್ ಮೂಲಕ ಏರ್ ಕ್ಲೀನರ್‌ಗೆ ಹೋಗಿ, ಕಾರ್ಬೊರೇಟರ್‌ಗೆ ಇಳಿದು ಉರಿಯುತ್ತದೆ. 1968ರಿಂದ ದೇಶದ ಎಲ್ಲ ಹೊಸ ಕಾರಿಗೂ ಮುಚ್ಚಿದ್ದೇ. ಮಸಲ್ ಕಾರುಗಳ (ದೊಡ್ಡ ಎಂಜಿನ್ನಿನ ವೇಗದ ಅಮೆರಿಕನ್ ಕಾರುಗಳ) ಕಾಲ ಅಂತ ಕರೆಯುವುದು 1964ರ ಪಾಂಟಿಯಾಕ್ ಜಿಟಿಒದಿಂದ 1970ರ ದಶಕದ ಶುರುವಿನವರೆಗೆ. ಅದರ ನಟ್ಟನಡುವೆ ಈ ಬದಲಾವಣೆ ಬಿದ್ದಿದೆ. ಹಾಗಾಗಿಯೇ ಒಂದೇ ಹೆಸರಿನ ಕಾರಿಗೆ ವರ್ಷಕ್ಕೊಂದು, ರಾಜ್ಯಕ್ಕೊಂದು ಪಾರ್ಟ್.

ಪ್ರಶ್ನೆ: ಅಣ್ಣಾ, 1969ರ ಕಮಾರೊ ಝೆಡ್/28 ನನ್ನದು. ಅಸಲಿ 302 ಎಂಜಿನ್, ಅಸಲಿ ಕ್ಯಾಮ್, ಹಾಲಿ ಕಾರ್ಬೊರೇಟರ್. ಮೊನ್ನೆ ಪಿಸಿವಿ ವಾಲ್ವ್ ಹಳೆಯದಾಯಿತು ಅಂತ ಪಾರ್ಟ್ಸ್ ಅಂಗಡಿಯಿಂದ 'ಎಲ್ಲ ಶೆವ್ರೊಲೆಗೂ ಆಗುತ್ತೆ' ಅಂದ ಒಂದು ವಾಲ್ವ್ ತಂದು ಹಾಕಿದೆ. ಅವತ್ತಿನಿಂದ ಐಡ್ಲಿಂಗ್ ನಿಲ್ಲುತ್ತಿಲ್ಲ. ಕಾರ್ಬೊರೇಟರ್ ಬಿಚ್ಚಬೇಕಾ?
(ಟ್ರಾಯ್, ಮಿಶಿಗನ್)

ಉತ್ತರ: ಕಾರ್ಬೊರೇಟರ್ ಮುಟ್ಟಬೇಡಿ. ಹಳೇ ವಾಲ್ವ್ ಎಸೆದಿಲ್ಲ ತಾನೆ? ಅದನ್ನು ತೊಳೆದು ವಾಪಸ್ ಹಾಕಿ ನೋಡಿ. ಐಡ್ಲಿಂಗ್ ಸರಿಹೋಗುವ ಸಾಧ್ಯತೆ ಜಾಸ್ತಿ.

ಪಿಸಿವಿ ವಾಲ್ವ್ ಒಳಗೆ ಇರುವುದು ಒಂದು ಪುಟ್ಟ ಪ್ಲಂಜರ್, ಒಂದು ಸ್ಪ್ರಿಂಗ್. ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಜೋರಾಗಿರುತ್ತದೆ. ಅದು ಪ್ಲಂಜರನ್ನು ಎಳೆದು ದಾರಿಯನ್ನು ಕಿರಿದು ಮಾಡುತ್ತದೆ. ಆಗ ಸ್ವಲ್ಪವೇ ಗಾಳಿ ಹೋಗುತ್ತದೆ. ಹೈವೇನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ವ್ಯಾಕ್ಯೂಮ್ ಕಡಿಮೆಯಾಗಿ ಸ್ಪ್ರಿಂಗ್ ಗೆಲ್ಲುತ್ತದೆ, ದಾರಿ ಅಗಲವಾಗುತ್ತದೆ. ಎಂಜಿನ್ ಹಿಮ್ಮುಖ ಸಿಡಿದರೆ ಪ್ಲಂಜರ್ ಹಿಂದಕ್ಕೆ ಬಡಿದು ದಾರಿ ಮುಚ್ಚಿ, ಬೆಂಕಿ ಕ್ರ್ಯಾಂಕ್‌ಕೇಸ್‌ಗೆ ಹೋಗದಂತೆ ತಡೆಯುತ್ತದೆ. ಇಷ್ಟು ಕೆಲಸ ಬೆರಳುದ್ದದ ಪಾರ್ಟ್‌ನಿಂದ.

ಈಗ ನಿಮ್ಮ ಎಂಜಿನ್ ನೋಡಿ. ಸಾಧಾರಣ ವಿ8 ಐಡ್ಲಿಂಗ್‌ನಲ್ಲಿ ಪಾದರಸದ 17ರಿಂದ 21 ಇಂಚು ವ್ಯಾಕ್ಯೂಮ್ ಕೊಡುತ್ತದೆ. ನಿಮ್ಮದು ರೇಸಿಗೆಂದೇ ಕಟ್ಟಿದ ಎಂಜಿನ್. ಟ್ರಾನ್ಸ್-ಆಮ್ ರೇಸಿನಲ್ಲಿ 305 ಘನ ಇಂಚಿನ ಮಿತಿ ಇತ್ತು. ಅದಕ್ಕಾಗಿ 4 ಇಂಚು ಬೋರ್, 3 ಇಂಚು ಸ್ಟ್ರೋಕ್ ಇಟ್ಟು 302 ಮಾಡಿದರು. ಅದರ ಕ್ಯಾಮ್‌ಗೆ (ವಾಲ್ವ್‌ಗಳನ್ನು ತೆರೆಯುವ ದಂಡಕ್ಕೆ) '30-30' ಅಂತ ಹೆಸರು, ಎರಡೂ ವಾಲ್ವ್‌ಗೆ 0.030 ಇಂಚು ಸಡಿಲ ಬಿಡಬೇಕು ಅಂತ. ಕಾರ್ವೆಟ್‌ನ ಜೋರಾ ಆರ್ಕಸ್-ಡಂಟೋವ್ ಹೆಸರಿನ ಜೊತೆ ಸೇರಿಕೊಂಡ ಕ್ಯಾಮ್ ಅದು. ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಇದರಲ್ಲಿ ಜಾಸ್ತಿ. ಹಾಗಾಗಿ ಐಡ್ಲಿಂಗ್ ವ್ಯಾಕ್ಯೂಮ್ ಸಾಧಾರಣ ಎಂಜಿನ್ನಿನ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಸಾಧಾರಣ ಎಂಜಿನ್‌ಗೆ ಮಾಡಿದ ಪಿಸಿವಿಯ ಸ್ಪ್ರಿಂಗ್ ಈ ವ್ಯಾಕ್ಯೂಮ್ ನೋಡಿ 'ಹೈವೇನಲ್ಲಿ ಇದ್ದೇವೆ' ಅಂದುಕೊಳ್ಳುತ್ತದೆ. ದಾರಿ ಪೂರ್ತಿ ಬಿಡುತ್ತದೆ. ಲೆಕ್ಕಕ್ಕಿಲ್ಲದ ಗಾಳಿ ಕಾರ್ಬೊರೇಟರ್ ಕೆಳಗೆ ನುಗ್ಗಿ ಮಿಕ್ಸ್ಚರ್ ತೆಳುವಾಗುತ್ತದೆ. ಕೆಲವು ಸಲ ಪ್ಲಂಜರ್ ಅತ್ತ ಇತ್ತ ತೂಗಾಡುತ್ತದೆ, ಆರ್‌ಪಿಎಂ ಕೂಡ ಅದರ ಜೊತೆ ಏರಿಳಿಯುತ್ತದೆ. ಆಗ ಜನ ಕಾರ್ಬೊರೇಟರ್ ಸ್ಕ್ರೂ ತಿರುಗಿಸಲು ಶುರು ಮಾಡುತ್ತಾರೆ. ಅಲ್ಲಿಂದ ಮುಂದೆ ಯಾವುದೂ ಸರಿಹೋಗುವುದಿಲ್ಲ.

ಹಳೇ ವಾಲ್ವ್‌ನ ತಲೆಯ ಮೇಲೆ ಎಸಿ ಕಂಪನಿಯ ಗುರುತು, 'ಸಿವಿ' ಅಂತ ಶುರುವಾಗುವ ನಂಬರ್ ಇರುತ್ತದೆ. ಅದನ್ನು 1969ರ ಶೆವ್ರೊಲೆ ಪಾರ್ಟ್ಸ್ ಪುಸ್ತಕದಲ್ಲಿ 302ರ ಸಾಲಿನ ಜೊತೆ ತಾಳೆ ಹಾಕಿ. ಬರೀ 'ಕಮಾರೊ 1969' ಸಾಲು ನೋಡಬೇಡಿ. ಹೊರಗಿನಿಂದ ಎರಡು ವಾಲ್ವ್ ಒಂದೇ ಥರ ಕಾಣುತ್ತವೆ, ಒಳಗಿನ ಸ್ಪ್ರಿಂಗ್ ಮಾತ್ರ ಬೇರೆ. ಷೋಗೆ ಹೋಗದಿದ್ದರೂ, ಯಾವ ಜಡ್ಜೂ ನೋಡದಿದ್ದರೂ, ಈ ಒಂದು ಪಾರ್ಟ್ ಅಸಲಿ ಲೆಕ್ಕದ್ದೇ ಇರಲಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಪ್ರಶ್ನೆ: 1966ರ ಮಸ್ಟಾಂಗ್ ಜಿಟಿ, ಚಾಸಿ ನಂಬರ್ 6ಟಿ07ಎ ಇಂದ ಶುರು. ಕ್ಯಾಟಲಾಗ್ ನೋಡಿ ಹೋಸ್ ಮೂತಿ ಇರುವ ಆಯಿಲ್ ಕ್ಯಾಪ್ ತರಿಸಿದೆ, 'ಅಸಲಿ ಮಾದರಿ' ಅಂತ ಬರೆದಿತ್ತು. ಈಗ ಆ ಮೂತಿಗೆ ಹೋಸ್ ಎಲ್ಲಿಗೆ ಜೋಡಿಸಬೇಕೋ ಗೊತ್ತಾಗುತ್ತಿಲ್ಲ. ನನ್ನ ಏರ್ ಕ್ಲೀನರ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ!
(ಎಡಿಸನ್, ನ್ಯೂ ಜೆರ್ಸಿ)

ಉತ್ತರ: ಜಾಗ ಇಲ್ಲದಿರುವುದೇ ಉತ್ತರ. ನಿಮ್ಮ ಏರ್ ಕ್ಲೀನರ್ ಅಸಲಿ, ಕ್ಯಾಪ್ ಬೇರೆ ರಾಜ್ಯದ್ದು.

ನಂಬರ್ ಓದೋಣ. 6 ಅಂದರೆ 1966. 07 ಅಂದರೆ ಹಾರ್ಡ್‌ಟಾಪ್. ಎ ಅಂದರೆ ನಾಲ್ಕು ಬ್ಯಾರೆಲ್ ಕಾರ್ಬೊರೇಟರ್‌ನ 289 ಎಂಜಿನ್. ಟಿ ಅಂದರೆ ಮೆಟಚೆನ್ ಫ್ಯಾಕ್ಟರಿ. ಈ ಮೆಟಚೆನ್ ಫ್ಯಾಕ್ಟರಿ ಇದ್ದದ್ದು ನಿಮ್ಮ ಎಡಿಸನ್‌ನಲ್ಲೇ! 1948ರಿಂದ 2004ರವರೆಗೆ ನಡೆಯಿತು. ಇವತ್ತು ನೀವು ದೋಸೆ ತಿನ್ನಲು ಹೋಗುವ ಊರಿನಲ್ಲೇ ನಿಮ್ಮ ಕಾರು ಹುಟ್ಟಿದೆ. ಇದನ್ನು ಓದಿ ನನಗೆ ತುಂಬಾ ಸಂತೋಷವಾಯಿತು.

ಡ್ರೈವರ್ ಬಾಗಿಲಿನ ಪ್ಲೇಟ್ ಮೇಲೆ ಡಿಎಸ್‌ಒ ಅನ್ನುವ ಎರಡಂಕಿ ಇರುತ್ತದೆ. ಕಾರನ್ನು ಯಾವ ಜಿಲ್ಲೆಯ ಸೇಲ್ಸ್ ಆಫೀಸಿಗೆ ಕಳಿಸಿದರು ಅಂತ ಅದು ಹೇಳುತ್ತದೆ. 71 ಇದ್ದರೆ ಲಾಸ್ ಏಂಜಲಿಸ್, 72 ಇದ್ದರೆ ಸ್ಯಾನ್ ಹೋಸೆ. ಆ ಎರಡಾದರೆ ಕ್ಯಾಲಿಫೋರ್ನಿಯಾದ ಕಾರು, ಮುಚ್ಚಿದ ವ್ಯವಸ್ಥೆ, ಮೂತಿಯ ಕ್ಯಾಪ್, ಏರ್ ಕ್ಲೀನರ್‌ನಲ್ಲಿ ಹೋಸ್‌ಗೆ ಜಾಗ. ಮೆಟಚೆನ್‌ನಲ್ಲಿ ತಯಾರಾದ ಕಾರು ಅಷ್ಟು ದೂರಕ್ಕೆ ಹೋಗುವುದು ಅಪರೂಪ, ಯಾಕಂದರೆ ಅಲ್ಲಿಗೆ ಸ್ಯಾನ್ ಹೋಸೆ ಫ್ಯಾಕ್ಟರಿ ಇತ್ತು. ನಿಮ್ಮ ಪ್ಲೇಟ್ ಒಮ್ಮೆ ನೋಡಿಬಿಡಿ. 71, 72 ಅಲ್ಲದಿದ್ದರೆ ನಿಮಗೆ ಬೇಕಾದದ್ದು ಸುತ್ತ ಗಾಳಿಯಾಡುವ ಬ್ರೀದರ್ ಕ್ಯಾಪ್. ಹೊರಗಿನ ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತದೆ. ಮೂತಿಯ ಕ್ಯಾಪ್ ಹಾಕಿ ಮೂತಿಯನ್ನು ರಬ್ಬರಿನಿಂದ ಮುಚ್ಚಿದರೆ ಗಾಳಿ ಬರುವ ದಾರಿಯೇ ಬಂದ್. ಅದನ್ನು ಮಾತ್ರ ಮಾಡಬೇಡಿ. ನಿಮ್ಮ 289ರಲ್ಲಿ ಪಿಸಿವಿ ವಾಲ್ವ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡ್‌ನ ಹಿಂಭಾಗದ ಗ್ರೋಮೆಟ್ ಅನ್ನುವ ರಬ್ಬರ್ ಬಳೆಯಲ್ಲಿ. ಅಲ್ಲಿಂದ ಹೋಸ್ ಕಾರ್ಬೊರೇಟರ್ ಕೆಳಗಿನ ಸ್ಪೇಸರ್‌ಗೆ ಹೋಗುತ್ತದೆ. ಆ ಗ್ರೋಮೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಿ.

ಫೋರ್ಡ್ ಪಾರ್ಟ್ ನಂಬರ್ ಓದುವುದನ್ನು ಕಲಿತರೆ ಕ್ಯಾಟಲಾಗ್‌ನ ಮಾತಿಗೆ ಬೀಳುವುದಿಲ್ಲ. ಮೊದಲ ಅಕ್ಷರ ದಶಕ: ಸಿ ಅಂದರೆ 1960, ಡಿ ಅಂದರೆ 1970. ಮುಂದಿನ ಅಂಕಿ ವರ್ಷ. ಮೂರನೆಯದು ಯಾವ ಕಾರಿಗೆ ಮೊದಲು ಮಾಡಿದರು ಅಂತ: ಝೆಡ್ ಮಸ್ಟಾಂಗ್, ಎ ದೊಡ್ಡ ಫೋರ್ಡ್, ಒ ಫೇರ್‌ಲೇನ್. ಮಧ್ಯದ ನಂಬರ್ ಆ ಪಾರ್ಟ್‌ನ ಜಾತಿ. ಆಯಿಲ್ ಕ್ಯಾಪ್ ಆದರೆ 6766, ಪಿಸಿವಿ ವಾಲ್ವ್ ಆದರೆ 6ಎ666. ಸಿ5 ಅಂತ ಶುರುವಾಗುವ ಪಾರ್ಟ್ 1966ರ ಕಾರಿನಲ್ಲಿ ಇದ್ದರೆ ಗಾಬರಿ ಬೇಡ. ಹಿಂದಿನ ವರ್ಷದ್ದನ್ನೇ ಮುಂದುವರಿಸುತ್ತಿದ್ದರು. ಸಿ8 ಇದ್ದರೆ ಅದು ಆಮೇಲೆ ಬಂದದ್ದು.

ಪ್ರಶ್ನೆ: ನಮ್ಮ ತಾತನ ಕಾಲದ ವಿಲ್ಲಿಸ್ ಜೀಪ್ ಕಾಫಿ ತೋಟದಲ್ಲಿ ಇನ್ನೂ ಓಡುತ್ತಿದೆ. ಯುದ್ಧಕಾಲದ ಫ್ಲಾಟ್ ಹೆಡ್ ಎಂಜಿನ್. ಇನ್‌ಟೇಕ್ ಮ್ಯಾನಿಫೋಲ್ಡ್ ಹತ್ತಿರ ಒಂದು ಪುಟ್ಟ ವಾಲ್ವ್ ಇತ್ತು, ಮೆಕ್ಯಾನಿಕ್ ಕಿತ್ತು ಬೋಲ್ಟ್ ಹಾಕಿ ಮುಚ್ಚಿದ್ದಾರೆ. ಆಮೇಲಿಂದ ಆಯಿಲ್ ಎಲ್ಲ ಕಡೆ ಸೋರುತ್ತಿದೆ. ಸಂಬಂಧ ಇದೆಯಾ? ಮಸಲ್ ಕಾರು ಅಲ್ಲ, ಕ್ಷಮಿಸಿ.
(ಸಕಲೇಶಪುರ)

ಉತ್ತರ: ಕ್ಷಮೆ ಯಾಕೆ? ಕ್ಯಾಲಿಫೋರ್ನಿಯಾದ ಕಾನೂನಿಗಿಂತ ಎಷ್ಟೋ ಮುಂಚೆ ಪಿಸಿವಿ ಇದ್ದ ಗಾಡಿ ನಿಮ್ಮದು. ಯುದ್ಧದ ಜೀಪು ಧೂಳಿನಲ್ಲಿ, ಹೊಳೆಯಲ್ಲಿ ಓಡಬೇಕಿತ್ತು. ಕೆಳಗೆ ತೆರೆದ ಕೊಳವೆ ಇದ್ದರೆ ನೀರು, ಮಣ್ಣು ಒಳಗೆ ಹೋಗುತ್ತಿತ್ತು. ಅದಕ್ಕೇ ಟ್ಯಾಪೆಟ್ ಕವರ್‌ನಿಂದ ಹೊಗೆಯನ್ನು ವಾಲ್ವ್ ಮೂಲಕ ಮ್ಯಾನಿಫೋಲ್ಡ್‌ಗೆ ಎಳೆದರು, ಒಳ್ಳೆ ಗಾಳಿಯನ್ನು ಏರ್ ಕ್ಲೀನರ್ ಕಡೆಯಿಂದ ಆಯಿಲ್ ಹಾಕುವ ಕೊಳವೆಗೆ ಕೊಟ್ಟರು.

ಸಂಬಂಧ ಖಂಡಿತ ಇದೆ. ಆ ಬೋಲ್ಟ್ ಹಾಕಿದ್ದು ಕುಕ್ಕರಿನ ವಿಷಲ್ ಕಟ್ಟಿದ ಹಾಗೆ. ಒತ್ತಡ ಹೋಗಲು ಬೇರೆ ದಾರಿ ಇಲ್ಲದೆ ಸೀಲ್, ಗ್ಯಾಸ್ಕೆಟ್‌ಗಳ ಸಂದಿಯಿಂದ ಆಯಿಲನ್ನು ತಳ್ಳುತ್ತಿದೆ. ಮೆಕ್ಯಾನಿಕ್ ಮುಚ್ಚಲು ಕಾರಣವೂ ಇರುತ್ತದೆ. ವಾಲ್ವ್ ತೆರೆದ ಸ್ಥಿತಿಯಲ್ಲೇ ಹಿಡಿದುಕೊಂಡರೆ ಐಡ್ಲಿಂಗ್ ಕೆಡುತ್ತದೆ, ಮುಚ್ಚಿದರೆ ತಕ್ಷಣಕ್ಕೆ ಸರಿಹೋದಂತೆ ಕಾಣುತ್ತದೆ. ಹಳೇ ವಾಲ್ವ್ ಡಬ್ಬದಲ್ಲಿ ಎಲ್ಲಾದರೂ ಬಿದ್ದಿದ್ದರೆ ಹುಡುಕಿ. ಲೋಹದ್ದು, ಗಟ್ಟಿಮುಟ್ಟು. ಸೀಮೆಎಣ್ಣೆಯಲ್ಲಿ ರಾತ್ರಿಯೆಲ್ಲ ನೆನೆಸಿ, ಊದಿ, ಒಣಗಿಸಿ ವಾಪಸ್ ಹಾಕಿಸಿ. ಕೊಳವೆಯೊಳಗೂ ಕೆಸರು ಕಟ್ಟಿರುತ್ತದೆ, ತಂತಿ ಹಾಕಿ ತೆಗೆಯಿರಿ. ಸೀಲ್‌ಗಳಿಗೆ ದುಡ್ಡು ಹಾಕುವ ಮುಂಚೆ ಇಷ್ಟು ಮಾಡಿ.

ಪ್ರಶ್ನೆ: ಐವತ್ತು ವರ್ಷದಿಂದ ಡಬ್ಬಿ ಬಿಚ್ಚದ ಅಸಲಿ ಪಿಸಿವಿ ಹೋಸ್, ಗ್ರೋಮೆಟ್ ಒಂದು ಕಡೆ ಮಾರಾಟಕ್ಕಿವೆ. ಬೆಲೆ ಹೊಸ ಮಾದರಿಯ ಹತ್ತು ಪಟ್ಟು. ತಗೊಳ್ಳಲಾ?
(ಹ್ಯೂಸ್ಟನ್, ಟೆಕ್ಸಸ್)

ಉತ್ತರ: ಲೋಹದ್ದಾದರೆ ತಗೊಳ್ಳಿ, ರಬ್ಬರ್ ಆದರೆ ಯೋಚಿಸಿ. ಕ್ಯಾಪ್, ವಾಲ್ವ್, ಏರ್ ಕ್ಲೀನರ್ ಒಳಗಿನ ಜಾಲರಿ, ಹೋಸ್ ಕ್ಲಿಪ್, ಇವು ಡಬ್ಬಿಯಲ್ಲಿ ಕೆಡುವುದಿಲ್ಲ. ರಬ್ಬರ್ ಮಾತ್ರ ಬಳಸದಿದ್ದರೂ ಮುದಿಯಾಗುತ್ತದೆ. ಬಿಸಿ ಎಂಜಿನ್ ಮೇಲೆ ಹಾಕಿದರೆ ಅಸಲಿ ಹೋಸ್ ಬಿರುಕು ಬಿಟ್ಟು ಗಾಳಿ ಎಳೆಯಲು ಶುರು ಮಾಡುತ್ತದೆ. ಅಂಥದ್ದನ್ನು ತಗೊಂಡರೆ ಷೋ ದಿನ ಹಾಕಿ, ಮನೆಗೆ ಬಂದು ಬಿಚ್ಚಿಡಿ. ಓಡಿಸಲು ಅದೇ ಆಕಾರದ ಹೊಸ ಹೋಸ್ ಇರಲಿ. ಅದು ಪಿಸಿವಿಗೆಂದೇ ಮಾಡಿದ, ಆಯಿಲ್ ತಡೆಯುವ ಹೋಸ್ ಆಗಿರಬೇಕು. ಹೀಟರ್ ಹೋಸ್ ತುಂಡು ಮಾಡಿ ಸಿಕ್ಕಿಸುವುದನ್ನು ನೋಡುತ್ತಲೇ ಇರುತ್ತೇನೆ. ಆಯಿಲ್ ಆವಿಗೆ ಅದು ಮೆತ್ತಗಾಗಿ, ವ್ಯಾಕ್ಯೂಮ್‌ಗೆ ಚಪ್ಪಟೆಯಾಗಿ ದಾರಿಯನ್ನೇ ಮುಚ್ಚುತ್ತದೆ.

ಪೆನ್ಸಿಲ್ವೇನಿಯಾದ ಕಾರ್ಲೈಲ್, ಹರ್ಷಿ ಸಂತೆಗಳಲ್ಲಿ ಇಂಥ ಪಾರ್ಟ್‌ಗಳು ಕೈಯಲ್ಲಿ ಹಿಡಿದು ನೋಡಲು ಸಿಗುತ್ತವೆ. ಫೋಟೊ ನೋಡಿ ಕೊಳ್ಳುವುದಕ್ಕಿಂತ ಅಲ್ಲಿಗೆ ಹೋಗುವುದು ಮೇಲು. ಡಬ್ಬಿ ಹಳೆಯದಿದ್ದ ಮಾತ್ರಕ್ಕೆ ಒಳಗಿನದು ಹಳೆಯದು ಅಂತ ನಂಬಬೇಡಿ. ಡಬ್ಬಿಯ ಮೇಲಿನ ನಂಬರ್, ಪಾರ್ಟ್ ಮೇಲಿನ ನಂಬರ್ ಎರಡೂ ಹೊಂದಬೇಕು.

ಪ್ರಶ್ನೆ: ಪಿಸಿವಿ ವಾಲ್ವ್ ಕೆಟ್ಟಿದೆ ಅಂತ ಮನೆಯಲ್ಲೇ ತಿಳಿಯುವುದು ಹೇಗೆ? ಎಷ್ಟು ದಿನಕ್ಕೆ ಬದಲಿಸಬೇಕು?
(ಇಬ್ಬರು ಓದುಗರು ಕೇಳಿದ್ದಾರೆ)

ಉತ್ತರ: ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿ ಇರುವಾಗ ವಾಲ್ವನ್ನು ಗ್ರೋಮೆಟ್‌ನಿಂದ ಎಳೆದು, ತುದಿಗೆ ಬೆರಳು ಒತ್ತಿ. ಜೋರಾಗಿ ಎಳೆಯಬೇಕು, ಒಳಗೆ ಟಕ್ ಅನ್ನಬೇಕು. ವಾಲ್ವನ್ನು ವಾಪಸ್ ಕೂರಿಸಿ, ಒಳ್ಳೆ ಗಾಳಿ ಬರುವ ಬಾಯಿಯ ಮೇಲೆ ಒಂದು ದಪ್ಪ ಕಾಗದ ಇಡಿ. ಸ್ವಲ್ಪ ಹೊತ್ತಿಗೆ ಕಾಗದ ಅಂಟಿಕೊಂಡರೆ ದಾರಿ ಪೂರ್ತಿ ಸರಿ ಇದೆ. ಕಾಗದ ಹಾರಿದರೆ ಎಲ್ಲೋ ಕಟ್ಟಿದೆ, ಇಲ್ಲವೇ ರಿಂಗ್ ಸವೆದಿದೆ. ಅಲ್ಲಾಡಿಸಿ ಸದ್ದು ಕೇಳುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಸದ್ದು ಬರದಿದ್ದರೆ ವಾಲ್ವ್ ಕೆಟ್ಟಿದೆ ಅಂತ ಹೇಳಬಹುದು. ಸದ್ದು ಬಂದರೆ ಚೆನ್ನಾಗಿದೆ ಅಂತ ಹೇಳಲಾಗದು, ಸ್ಪ್ರಿಂಗ್ ಸೋತಿದ್ದರೂ ಸದ್ದು ಬರುತ್ತದೆ. ಆ ಕಾಲದ ಶೆವ್ರೊಲೆ ಸಲಹೆ 12 ತಿಂಗಳು ಅಥವಾ 12,000 ಮೈಲಿ, ಯಾವುದು ಮೊದಲೋ ಅದು. ವರ್ಷಕ್ಕೆ ಕೆಲವೇ ನೂರು ಮೈಲಿ ಓಡುವ ಕಾರಿಗೂ ನಾನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಅನ್ನುತ್ತೇನೆ. ಕಡಿಮೆ ಓಡುವ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ನೀರಿನ ಆವಿ ಒಳಗೇ ಉಳಿದು ವಾಲ್ವ್ ಬೇಗ ಹಿಡಿದುಕೊಳ್ಳುತ್ತದೆ. ತೆಗೆದ ಅಸಲಿ ವಾಲ್ವ್ ಎಸೆಯಬೇಡಿ. ನಂಬರ್ ಓದಿಕೊಂಡು, ಕಾರಿನ ಹೆಸರು ಬರೆದು ಒಂದು ಡಬ್ಬಿಯಲ್ಲಿಡಿ.